ನೀರು ಬಂದ ದಿನ ನೆಟ್ಟು ಹೋಗುತ್ತಿತ್ತು

ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧ ಕೇಳಿ ಎದ್ದರೆ ತಪ್ಪೆಲ್ಲ ಚಾಮರಾಜಪೇಟೆಯ ಶೀನಣ್ಣನವರದು ಅಂದುಕೊಳ್ಳುತ್ತೀರಿ. ಮುಕ್ಕಾಲು ಕೇಳಿ ಎದ್ದರೆ ತಪ್ಪೆಲ್ಲ ಅವರ ಮೊಮ್ಮಗ ಆಕರ್ಷನದು ಅಂದುಕೊಳ್ಳುತ್ತೀರಿ. ಪೂರ್ತಿ ಕೇಳಿದರೆ ಮಾತ್ರ ಆಕರ್ಷನಿಗೆ ಆದ ಹಾಗೆಯೇ ನಿಮಗೂ ಆಗುತ್ತದೆ, ಅಂದರೆ ಏನೊಂದೂ ತಿಳಿಯದೆ ತಲೆ ಕೆರೆದುಕೊಳ್ಳುತ್ತೀರಿ.

ಆಕರ್ಷನ ಮನೆ ಬಸವನಗುಡಿಯಲ್ಲಿ. ಎಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರುವ ದಿನಾಂಕ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದ ಹುಡುಗ. ಮಿಣುಕುವ ದೀಪವಿರುವ ಯಾವ ಡಬ್ಬಿ ಕಂಡರೂ ಅದರ ಬೆನ್ನು ತಿರುಗಿಸಿ ನೋಡದೆ ಬಿಡುವವನಲ್ಲ. ನೆಂಟರ ಮನೆಗಳ ವೈಫೈ ಎಲ್ಲ ಅವನ ಸುಪರ್ದಿಯಲ್ಲೇ. ಯಾರು ಊಟಕ್ಕೆ ಕರೆದರೂ ಎಲೆಯ ಮುಂದೆ ಕೂರುವ ಮೊದಲು ರೂಟರ್ ಎಲ್ಲಿದೆ ಎಂದು ಕೇಳುತ್ತಿದ್ದ. ಹಾಗಾಗಿ ಚಾಮರಾಜಪೇಟೆಯಿಂದ ತನ್ಮಯಿ ಫೋನ್ ಮಾಡಿದಾಗ ಅವನಿಗೆ ಹಬ್ಬಕ್ಕೆ ಕರೆದಷ್ಟೇ ಖುಷಿಯಾಯಿತು.

ತನ್ಮಯಿ ಅವನ ದೊಡ್ಡಪ್ಪನ ಮಗಳು. ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತೆ. ಅದೇ ಕಂಪನಿಯಲ್ಲಿ ಎಷ್ಟು ಮನೆಗೆ ಬೆಂಕಿ ಬೀಳಬಹುದು, ಎಷ್ಟು ಕಾರು ಗುದ್ದಿಕೊಳ್ಳಬಹುದು ಎಂದು ಮೊದಲೇ ಅಂದಾಜು ಹಾಕುವ ಒಂದು ವಿಭಾಗವಿದೆ. ಅಲ್ಲಿ ಒಂದು ಸೀಟು ಖಾಲಿಯಿತ್ತು. ಅದಕ್ಕೆ ಎರಡು ಪೇಪರಿನ ಪರೀಕ್ಷೆ. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಬರೆಯಬೇಕು, ಎಲ್ಲೋ ಕೂತ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಕೋಣೆಗೆ ಇನ್ನೊಬ್ಬರು ಬರುವಂತಿಲ್ಲ, ಇನ್ನೊಂದು ದನಿ ಕೇಳುವಂತಿಲ್ಲ. ಇಂಟರ್ನೆಟ್ ಒಂದು ಸಲ ಕಡಿದು ತಕ್ಷಣ ಬಂದರೆ ಮಾಫಿ. ಎರಡನೇ ಸಲ ಕಡಿದರೂ, ಕಡಿದದ್ದು ಬೇಗ ಬರದಿದ್ದರೂ ಪರೀಕ್ಷೆ ರದ್ದು. ಹೋದ ಸಲ ತನ್ಮಯಿ ಅರ್ಧ ಬರೆದಾಗ ನೆಟ್ಟು ಹೋಗಿ, ಅವಳು ಕಪ್ಪು ಪರದೆಯ ಮುಂದೆ ಕೂತೇ ಇದ್ದಳು.

"ಆಕರ್ಷ, ಈ ಸಲಾನೂ ಹೋದ್ರೆ ಆ ಸೀಟು ಬೇರೆಯವ್ರಿಗೆ ಕಣೋ. ಮುಂದಿನ ಸಲ ಅನ್ನೋದಿಲ್ಲ. ಏನಾದ್ರೂ ಮಾಡು."

"ಅಕ್ಕಾ, ನೀನು ಓದ್ಕೋ, ಮಿಕ್ಕಿದ್ದು ನಂಗೆ ಬಿಡು. ಎರಡು ಲೈನ್ ಹಾಕ್ಬಿಡೋಣ. ಒಂದು ಹೋದ್ರೆ ಇನ್ನೊಂದು ತಾನಾಗೇ ಹಿಡ್ಕೊಳತ್ತೆ. ಒಂದ್ಸಲ ಕಣ್ಣು ಮಿಟುಕಿಸಿದ ಹಾಗಾಗತ್ತೆ ಅಷ್ಟೇ."

"ಅದೊಂದು ಮಾಫಿ ಅದಕ್ಕೇ ಖರ್ಚಾಗತ್ತೆ."

"ಖರ್ಚಾಗ್ಲಿ, ಅದಕ್ಕೇ ತಾನೇ ಕೊಟ್ಟಿರೋದು?"

ಶನಿವಾರ ಬೆಳಗ್ಗೆ ಅವನು ಎಸ್.ಪಿ. ರಸ್ತೆಯ ಅಂಗಡಿಗಳನ್ನು ಜಾಲಾಡಿ, ಎರಡು ಲೈನು ಸಿಕ್ಕಿಸಿಕೊಳ್ಳುವ ರೂಟರ್ ಒಂದನ್ನೂ ಸಿಮ್ ಹಾಕಿದರೆ ಇಂಟರ್ನೆಟ್ ಕೊಡುವ ಪುಟ್ಟ ಡಬ್ಬಿಯೊಂದನ್ನೂ ಚೀಲಕ್ಕೆ ಹಾಕಿಕೊಂಡು ಚಾಮರಾಜಪೇಟೆಗೆ ಬಂದ. ಮನೆಯಲ್ಲಿ ಮೊದಲೇ ಇದ್ದದ್ದು ಕೇಬಲ್ ಮುತ್ತುರಾಜ್ ಎಳೆದುಕೊಟ್ಟಿದ್ದ ಫೈಬರ್ ಲೈನು. ಅದರ ಮೋಡೆಮ್ ಇದ್ದದ್ದು ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ಪ್ಯಾಸೇಜಿನಲ್ಲಿ, ಸಂಪಿನ ಮೋಟರ್ ಸ್ವಿಚ್ಚಿನ ಪಕ್ಕದ ಹಲಗೆಯ ಮೇಲೆ. ದೊಡ್ಡಮ್ಮ ತುಳಸಮ್ಮ ಅದಕ್ಕೆ ಧೂಳು ಕೂರದಿರಲೆಂದು ಕ್ರೋಶಾದಲ್ಲಿ ಹೆಣೆದ ಹಸಿರು ಹೊದಿಕೆಯೊಂದನ್ನು ಹೊದಿಸಿದ್ದರು. ಅದು ಮೊದಲು ಟಿವಿಗೆ ಹೆಣೆದದ್ದು, ಟಿವಿ ತೆಳ್ಳಗಾದ ಮೇಲೆ ಮೋಡೆಮ್ಮಿಗೆ ಬಂದಿತ್ತು.

ಶುರುವಿನಲ್ಲೇ ಗೋಜಲು. ಫೈಬರ್ ಮೋಡೆಮ್ಮೂ ಸಿಮ್ ಡಬ್ಬಿಯೂ ತಯಾರಾಗಿ ಬರುವಾಗಲೇ ಒಂದೇ ವಿಳಾಸ ಹೊತ್ತುಕೊಂಡು ಬಂದಿದ್ದವು. ಒಂದೇ ಡೋರ್ ನಂಬರಿನ ಎರಡು ಮನೆಗಳ ನಡುವೆ ಪೋಸ್ಟ್‌ಮ್ಯಾನ್ ನಿಂತುಬಿಟ್ಟ ಹಾಗೆ ರೂಟರ್ ಯಾವ ಕಡೆಗೆ ಹೋಗಲೂ ತೋಚದೆ ಸುಮ್ಮನಾಯಿತು.

"ಇದ್ದ ನೆಟ್ಟೂ ಹೋಯ್ತಲ್ಲೋ," ಎಂದರು ತುಳಸಮ್ಮ, ಒಗ್ಗರಣೆ ಸೌಟು ಹಿಡಿದೇ ಬಂದು.

"ಬರತ್ತೆ ದೊಡ್ಡಮ್ಮ. ಎರಡಕ್ಕೂ ಒಂದೇ ಅಡ್ರೆಸ್ ಇದೆ, ಒಂದನ್ನ ಬದಲಾಯಿಸ್ಬೇಕು."

"ಬದಲಾಯಿಸು. ಆದ್ರೆ ನಮ್ಮನೆ ಅಡ್ರೆಸ್ ಬದಲಾಯಿಸ್ಬೇಡ, ಗ್ಯಾಸ್ ಬುಕ್ ಮಾಡಿದೀನಿ."

ಸಿಮ್ ಡಬ್ಬಿಯ ವಿಳಾಸ ಬದಲಾಯಿತು. ರೂಟರಿಗೆ ಜೀವ ಬಂತು. ಆಮೇಲೆ ಸೆಟ್ಟಿಂಗ್‌ಗಳ ಪುಟದಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಎರಡು ಲೈನೂ ಒಟ್ಟಿಗೆ ದುಡಿಯಬೇಕೋ, ಒಂದು ದುಡಿದು ಇನ್ನೊಂದು ಕಾಯಬೇಕೋ? ಕಾಯಲಿ. ಮೊದಲನೇದು ವಾಪಸ್ ಬಂದ ಕೂಡಲೇ ಅದಕ್ಕೇ ಮರಳಬೇಕೋ? ಮರಳಲಿ, ಆ ಚೌಕದಲ್ಲಿ ಆಕರ್ಷ ಹೆಮ್ಮೆಯಿಂದಲೇ ಟಿಕ್ ಒತ್ತಿದ. ಲೈನು ಇದೆಯೋ ಇಲ್ಲವೋ ಎಂದು ಹೇಗೆ ನೋಡಬೇಕು? ಮೋಡೆಮ್ ಎಚ್ಚರವಿದೆಯೇ ಎಂದಷ್ಟೇ ನೋಡಿದರೆ ಸಾಕೋ, ಅದರಾಚೆಗೆ ಹೊರಗಿನ ಯಾವುದಾದರೂ ವಿಳಾಸವನ್ನೂ ಮಾತಾಡಿಸಬೇಕೋ? ಮಾತಾಡಿಸುವುದಾದರೆ ಯಾವ ವಿಳಾಸ? ಇಲ್ಲಿ ಅವನಿಗೆ ಗೊಂದಲವಾಯಿತು. ಅಷ್ಟರಲ್ಲಿ ಒಳಗಿನಿಂದ ಬಿಸಿಬೇಳೆಬಾತಿನ ವಾಸನೆಯೂ ಬಂತು. ಮೋಡೆಮ್ ಎಚ್ಚರವಿದ್ದರೆ ಸಾಕು ಎಂದು ಒತ್ತಿ ಮುಂದಕ್ಕೆ ಹೋದ. ಈ ಜಾಗವನ್ನು ನೆನಪಿಟ್ಟುಕೊಳ್ಳಿ.

ಲೈನು ಬದಲಾಗುತ್ತದೋ ಎಂದು ನೋಡಲು ತನ್ಮಯಿ ಒಂದು ವಿಡಿಯೋ ಹಾಕಿ ಕೂತಳು. ಆಕರ್ಷ ಫೈಬರ್ ಮೋಡೆಮ್ಮಿನ ಸ್ವಿಚ್ಚು ಆರಿಸಿದ. ವಿಡಿಯೋ ಒಮ್ಮೆ ತಡವರಿಸಿತು, ಮತ್ತೆ ಓಡಿತು.

"ಇಷ್ಟೇನಾ?" ಎಂದರು ತುಳಸಮ್ಮ.

ತನ್ಮಯಿ ಮಾತ್ರ ಪೆನ್ನಿನ ತುದಿ ಕಚ್ಚುತ್ತ ಯೋಚಿಸಿದಳು. "ಇದ್ರಲ್ಲಿ ಒಂದು ವಿಷ್ಯ ಇದೆ ಕಣೋ. ಎರಡೂ ಬೇರೆ ಬೇರೆ ಕಾರಣಕ್ಕೆ ಕೆಡೋ ಹಾಗಿರ್ಬೇಕು. ಒಂದೇ ಕಾರಣಕ್ಕೆ ಎರಡೂ ಕೆಟ್ರೆ, ಎರಡಿದ್ದೂ ಒಂದೇ ಇದ್ದ ಹಾಗೆ. ನಮ್ಮ ಸಿಲಬಸ್ಸಲ್ಲಿ ಇರೋದೇ ಅದು."

"ಒಂದು ಕೇಬಲ್ಲಲ್ಲಿ ಬರತ್ತೆ, ಒಂದು ಗಾಳೀಲಿ ಬರತ್ತೆ. ಇನ್ನೆಷ್ಟು ಬೇರೆ ಬೇಕು ನಿಂಗೆ?"

ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನೋಡುತ್ತಿದ್ದವರು ತಾತ ಶೀನಣ್ಣ. ಬನಿಯನ್ನು, ಪಂಚೆ, ಕಿವಿಗೆ ಸಿಕ್ಕಿಸಿದ ಟೆಸ್ಟರ್. ಕಾಟನ್‌ಪೇಟೆಯ ಕಡೆಗಿದ್ದ, ಈಗ ಮುಚ್ಚಿಹೋದ ಒಂದು ಗಿರಣಿಯ ಪಂಪ್‌ಹೌಸನ್ನು ನೋಡಿಕೊಂಡವರು. ಈಗ ಮನೆಯ ಸಂಪು, ಮೋಟರು, ಮೇಲಿನ ಟ್ಯಾಂಕು ಮೂರೂ ಅವರದೇ ಖಾತೆ; ಬೇರೆ ಯಾರೂ ಆ ಸ್ವಿಚ್ಚಿಗೆ ಕೈ ಹಾಕುವಂತಿರಲಿಲ್ಲ. ಆಕರ್ಷ ಅವರನ್ನು ಹತ್ತಿರ ಕರೆದು ತೋರಿಸಿದ.

"ನೋಡಿ ತಾತ, ಈ ಸ್ವಿಚ್ಚು ಮೊದಲನೇದಕ್ಕೆ, ಇದು ಎರಡನೇದಕ್ಕೆ."

"ಮೊದಲನೇದು ಕೆಡೋ ತನಕ ಎರಡನೇದು ಏನ್ ಮಾಡತ್ತೆ?"

"ಸುಮ್ನೆ ಇರತ್ತೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ, ತಾತ. ಆನ್ ಆಗಿರತ್ತೆ, ಕೆಲಸ ಮಾಡಲ್ಲ."

"ಎಷ್ಟು ದಿನ?"

"ಅದೃಷ್ಟ ಚೆನ್ನಾಗಿದ್ರೆ ವರ್ಷಗಟ್ಲೆ."

ಶೀನಣ್ಣ ಹುಬ್ಬು ಗಂಟಿಕ್ಕಿ ಆ ಪುಟ್ಟ ಡಬ್ಬಿಯನ್ನು ನೋಡಿದರು. "ವರ್ಷಗಟ್ಲೆ ಸುಮ್ನೆ ಕೂರ್ಸಿ, ಒಂದಿನ ದಿಢೀರ್ ಅಂತ ಏಳು ಅಂದ್ರೆ ಏಳತ್ತಾ ಅದು?"

"ಏಳತ್ತೆ ತಾತ. ಅದೇ ಅದರ ಕೆಲಸ."

"ಹ್ಞೂಂ," ಎಂದರು ಶೀನಣ್ಣ. ಆ ಹ್ಞೂಂಕಾರದ ಅರ್ಥ ಒಪ್ಪಿಗೆ ಎಂದುಕೊಂಡ ಆಕರ್ಷ ಎರಡು ಸಲ ಬಿಸಿಬೇಳೆಬಾತು ಬಡಿಸಿಕೊಂಡು ಉಂಡು, ಬಸವನಗುಡಿಗೆ ಹೊರಟ.

ಇದಾದ ಮೇಲೆ ಅವನ ನಿದ್ದೆ ಕೆಟ್ಟಿತು. ರೂಟರಿನ ಆ್ಯಪನ್ನು ಅವನು ತನ್ನ ಫೋನಿಗೂ ಹಾಕಿಕೊಂಡಿದ್ದ. ಸೋಮವಾರ ಬೆಳಗ್ಗೆ ಹಲ್ಲುಜ್ಜುವಾಗಲೇ ಅದು ಟಣ್ ಎಂದಿತು. ಮೊದಲನೇ ಲೈನು ಹೋಗಿದೆ, ಎರಡನೇದು ನಡೆಯುತ್ತಿದೆ. ಅಯ್ಯೋ ಎನ್ನುವ ಬದಲು ಆಕರ್ಷ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕುಣಿದ. ತನ್ನ ಸೆಟಪ್ ಕೆಲಸ ಮಾಡಿತ್ತಲ್ಲ. ಮಧ್ಯಾಹ್ನ ಮತ್ತೆ ಟಣ್. ಮೊದಲನೇದು ಮರಳಿದೆ. ಮಂಗಳವಾರ ಏನೂ ಇಲ್ಲ. ಬುಧವಾರ ಬೆಳಗ್ಗೆ ಮತ್ತೆ ಹೋಯಿತು, ಮಧ್ಯಾಹ್ನ ಬಂತು. ಗುರುವಾರ ಸುಮ್ಮನಿತ್ತು. ಶುಕ್ರವಾರ ಮತ್ತೆ ಅದೇ ಹಾಡು. ಮನೆಯಲ್ಲಿ ಯಾರಿಗೂ ಇದರ ಸುಳಿವೇ ಇಲ್ಲ. ಎರಡನೇ ಲೈನು ಅಷ್ಟು ನಯವಾಗಿ ಹಿಡಿದುಕೊಳ್ಳುತ್ತಿತ್ತು. ತನ್ಮಯಿಯಂತೂ ಆ ಹೊತ್ತಿಗೆ ಆಫೀಸಿನಲ್ಲಿರುತ್ತಿದ್ದಳು.

ಅವನು ಮುತ್ತುರಾಜನಿಗೆ ಫೋನ್ ಮಾಡಿದ. ಮುತ್ತುರಾಜ್ ಆ ದಿನ ಸಂಜೆಯೇ ಬೈಕಿನ ಪಕ್ಕಕ್ಕೆ ಏಣಿ ಕಟ್ಟಿಕೊಂಡು ಬಂದ. ಆಕರ್ಷನೂ ಬಂದ. ಹಸಿರು ಹೊದಿಕೆ ತೆಗೆದರೆ ಮೋಡೆಮ್ಮಿನ ದೀಪಗಳೆಲ್ಲ ಮದುವೆ ಮನೆಯ ಹಾಗೆ ಉರಿಯುತ್ತಿದ್ದವು.

"ನೋಡಿ ಸಾರ್, ಸಿಗ್ನಲ್ ಸೂಪರ್ ಆಗಿದೆ," ಎಂದ ಮುತ್ತುರಾಜ್ ಮೀಟರ್ ಹಿಡಿದು. "ಲೈನ್ ಹೋಗಿದೆ ಅಂತ ನಿಮ್ಗೆ ಹೇಳಿದ್ದು ಯಾರು?"

"ನನ್ ಫೋನು."

"ಮನೇಲಿ ಇರೋರು ಯಾರೂ ಹೇಳ್ಲಿಲ್ಲ, ಬಸವನಗುಡೀಲಿ ಇರೋ ನಿಮ್ ಫೋನ್ ಹೇಳ್ತಾ? ಫೋನ್ ರಿಪೇರಿ ಮಾಡ್ಸಿ ಸಾರ್."

ಆದರೂ ಒಳ್ಳೆಯವನು, ತುದಿಯ ಕನೆಕ್ಟರನ್ನು ಹೊಸದಾಗಿ ಹಾಕಿಕೊಟ್ಟು, ತುಳಸಮ್ಮ ಕೊಟ್ಟ ಕಾಫಿ ಕುಡಿದು ಹೋದ. ಶೀನಣ್ಣ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಮತ್ತೆ ಟಣ್. ಈ ಸಲ ಆಕರ್ಷ ತಕ್ಷಣ ದೊಡ್ಡಮ್ಮನಿಗೆ ಫೋನ್ ಹಚ್ಚಿದ.

"ದೊಡ್ಡಮ್ಮ, ಮೋಡೆಮ್ ಒಂದ್ಸಲ..."

"ನೀರು ಬಂದಿದೆ ಕಣೋ, ಹಂಡೆ ತುಂಬಿಸ್ತಿದೀನಿ, ಆಮೇಲೆ ಮಾತಾಡ್ತೀನಿ," ಎಂದು ಅವರು ಫೋನಿಟ್ಟರು.

ಆಗ ಅವನಿಗೆ ಹೊಳೆಯಿತು. ಆ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ನೆಟ್ಟು ಹೋಗುತ್ತಿದ್ದದ್ದೂ ದಿನ ಬಿಟ್ಟು ದಿನವೇ. ಸಂಜೆ ದೊಡ್ಡಮ್ಮನನ್ನು ಕೇಳಿ ದಿನಗಳನ್ನು ತಾಳೆ ನೋಡಿದ. ನೀರು ಬಂದ ದಿನವೇ ನೆಟ್ಟು ಹೋಗಿತ್ತು, ಒಂದು ದಿನವೂ ತಪ್ಪಿರಲಿಲ್ಲ.

"ಮುತ್ತುರಾಜ್ ಅವ್ರೇ, ನೀರಿನ ಪೈಪು ಎಲ್ಲೋ ಸೋರಿ ನಿಮ್ಮ ಕೇಬಲ್ ನೆನೀತಿರ್ಬೇಕು."

"ಸಾರ್, ಫೈಬರ್ ಒಳಗಡೆ ಇರೋದು ಗಾಜು. ಗಾಜು ನೆನೆದ್ರೆ ಅದಕ್ಕೇನು ನೆಗಡಿ ಆಗತ್ತಾ? ಅದೂ ಅಲ್ದೆ ನಿಮ್ ರೋಡಲ್ಲಿ ನಮ್ ಕೇಬಲ್ ನೆಲದಡೀಲಿ ಬರಲ್ಲ, ಮರದ ಮೇಲಿಂದ ಬರತ್ತೆ."

ಹಾಗಾದರೆ ಮೋಟರು. ನೀರು ಬಂದ ದಿನ ತಾತ ಸಂಪಿನ ಮೋಟರ್ ಹಾಕುತ್ತಾರೆ, ಆ ಎಳೆತಕ್ಕೆ ವೋಲ್ಟೇಜು ಕುಸಿದು ಮೋಡೆಮ್ ಕಣ್ಣು ಮುಚ್ಚುತ್ತದೆ. ಇದಂತೂ ಪಕ್ಕಾ ಎಂದುಕೊಂಡು ಆಕರ್ಷ ವೋಲ್ಟೇಜಿನ ಏರಿಳಿತ ತಡೆಯುವ ಒಂದು ದುಬಾರಿ ಎಕ್ಸ್‌ಟೆನ್ಷನ್ ಬೋರ್ಡು ತಂದು ಹಾಕಿದ. ಮಾರನೇ ನೀರಿನ ದಿನ ಬೆಳಗ್ಗೆ ಟಣ್. ಅಲ್ಲದೆ ಮೋಟರು ಓಡುವುದು ಸ್ವಲ್ಪ ಹೊತ್ತು, ನೆಟ್ಟು ಬರುತ್ತಿದ್ದದ್ದು ಊಟದ ಹೊತ್ತು ಕಳೆದ ಮೇಲೆ. ಸಂಪು, ಗಾಜು, ಕಾವೇರಿ, ಕ್ರೋಶಾ ಎಲ್ಲ ಅವನ ತಲೆಯೊಳಗೆ ಒಂದಕ್ಕೊಂದು ಗಂಟು ಬಿದ್ದು, ಯಾವ ಎಳೆ ಹಿಡಿದು ಜಗ್ಗಿದರೂ ಗಂಟು ಬಿಗಿಯಾಗುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಖುದ್ದು ಬೆಳಗ್ಗೆ ಹೋಗಿ ಒಂದು ಸಲ ಕಣ್ಣಾರೆ ನೋಡಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಫೋನೇ ಎಲ್ಲ ಹೇಳುವಾಗ ಹೋಗಿ ನೋಡುವುದೇನಿದೆ?

ತನ್ಮಯಿಗೆ ಅವನು ಇದನ್ನೆಲ್ಲ ಹೇಳಲಿಲ್ಲ. ಅವಳು ಓದುತ್ತಿದ್ದಳು. ಪರೀಕ್ಷೆಯ ಹಿಂದಿನ ಸಂಜೆ ಅವಳೇ ಫೋನ್ ಮಾಡಿದಳು.

"ಎಲ್ಲ ಸರಿಯಾಗಿದೆ ತಾನೇ?"

"ಪಕ್ಕಾ. ಎರಡೂ ಲೈನೂ ಓಡ್ತಿವೆ. ಮನೇಲಿ ಎಲ್ರಿಗೂ ಹೇಳಿದೀನಿ, ನಾಳೆ ಪರೀಕ್ಷೆ ಹೊತ್ನಲ್ಲಿ ಯಾರೂ ಏನೂ ಮುಟ್ಬಾರ್ದು ಅಂತ. ನಾನೂ ಬೆಳಗ್ಗೇನೇ ಬಂದ್ಬಿಡ್ತೀನಿ."

ಫೋನಿಟ್ಟ ಮೇಲೆ ಲೆಕ್ಕ ಹಾಕಿ ನೋಡಿದ. ನಾಳೆ ನೀರಿನ ದಿನ.

ಬೆಳಗ್ಗೆ ಅವನು ಬೈಕ್ ಹತ್ತುವಾಗಲೇ ಫೋನು ಟಣ್ ಎಂದಿತು. ಮುತ್ತುರಾಜನಿಗೆ 'ಮತ್ತೆ ಹೋಗಿದೆ' ಎಂದೊಂದು ಮೆಸೇಜು ಬಿಟ್ಟು ಹೊರಟ. ದಾರಿಯಲ್ಲಿ ರಸ್ತೆಗೆ ಕಾಂಕ್ರೀಟ್ ಹಾಕಲು ಅಗೆದಿದ್ದರು. ಒಂದು ಕಡೆ ತಿರುಗಿಸಿದರೆ ಒನ್ ವೇ, ಇನ್ನೊಂದು ಕಡೆ ತಿರುಗಿಸಿದರೆ ಮಣ್ಣಿನ ಗುಡ್ಡೆ. ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ಬಾಗಿಲಲ್ಲೇ ತುಳಸಮ್ಮ ತುಟಿಗೆ ಬೆರಳಿಟ್ಟು ನಿಂತಿದ್ದರು. ಮುಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಕುಕ್ಕರ್ ಕೂಗಿದರೆ ಮೇಲ್ವಿಚಾರಕರಿಗೆ ಕೇಳೀತೆಂದು ಅವರು ಅನ್ನವನ್ನು ತಪ್ಪಲೆಯಲ್ಲಿಟ್ಟು ಬಸಿದಿದ್ದರು.

ಆಕರ್ಷ ಚಪ್ಪಲಿ ಕೈಯಲ್ಲೇ ಹಿಡಿದು ಪ್ಯಾಸೇಜಿಗೆ ಹೋದ. ಹಸಿರು ಹೊದಿಕೆ ಎತ್ತಿದ. ಲೈನು ಕೆಟ್ಟರೆ ಮೋಡೆಮ್ಮಿನಲ್ಲಿ ಕೆಂಪು ದೀಪವಾದರೂ ಉರಿಯಬೇಕು. ಇಲ್ಲಿ ಯಾವ ದೀಪವೂ ಇಲ್ಲ, ಕಗ್ಗತ್ತಲು. ವೈರು ಹಿಡಿದುಕೊಂಡು ಕಣ್ಣು ಹಾಯಿಸಿದ. ಸ್ವಿಚ್ಚು ಆರಿತ್ತು.

ಅವನ ಕೈ ತಾನಾಗಿಯೇ ಅದರತ್ತ ಹೋಯಿತು. ಅಷ್ಟರಲ್ಲಿ ಇನ್ನೊಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ತಾತ.

"ಇವತ್ತು ಎರಡನೇದರ ಸರದಿ," ಎಂದರು ಶೀನಣ್ಣ ಪಿಸುದನಿಯಲ್ಲಿ.

"ಏನು?"

"ನೀರಿನ ದಿನ ಎರಡನೇದರ ಸರದಿ. ಮಿಕ್ಕ ದಿನ ಮೊದಲನೇದರದು."

ಆಕರ್ಷ ಬಾಯಿ ತೆರೆದ. ಜೋರಾಗಿ ಮಾತಾಡುವಂತಿಲ್ಲ ಎಂದು ನೆನಪಾಗಿ ಮತ್ತೆ ಮುಚ್ಚಿದ.

"ಗಿರಣೀಲಿ ನಮ್ಗೆ ಎರಡು ಪಂಪ್ ಇತ್ತು," ಎಂದು ತಾತ ಕಿವಿಯ ಹತ್ತಿರ ಬಂದು ಹೇಳತೊಡಗಿದರು. "ಒಂದು ಓಡ್ತಿತ್ತು, ಇನ್ನೊಂದನ್ನ ಹೊಸ ಹೆಂಡ್ತಿ ಥರ ಒರೆಸಿ ಇಟ್ಟಿದ್ರು. ಒಂದಿನ ಓಡ್ತಿದ್ದದ್ದು ಸುಟ್ಟುಹೋಯ್ತು. ಇದನ್ನ ಹಾಕಿದ್ರೆ ಅಲ್ಲಾಡ್ಲಿಲ್ಲ. ಶಾಫ್ಟು ಕಚ್ಕೊಂಡಿತ್ತು. ಸುಮ್ನೆ ಇದ್ದೂ ಇದ್ದೂ. ಅವತ್ತಿಂದ ಒಂದಿನ ಇದು, ಒಂದಿನ ಅದು. ಆಮೇಲೆ ಯಾವತ್ತೂ ಗಿರಣಿ ನಿಲ್ಲಲಿಲ್ಲ."

"ತಾತ, ಇದಕ್ಕೆ ಶಾಫ್ಟ್ ಇಲ್ಲ."

"ಇಲ್ದೇ ಇರ್ಬಹುದು. ಸುಮ್ನೆ ಕೂತ್ಕೊಳ್ಳೋದು ಯಾವುದಕ್ಕೂ ಒಳ್ಳೇದಲ್ಲ. ಮೋಟರ್ ಹಾಕೋಕೆ ಹೇಗೂ ಇಲ್ಲಿಗೆ ಬರ್ತೀನಲ್ಲ, ಇದಕ್ಕೆ ರಜ ಕೊಟ್ಟು ಅದಕ್ಕೆ ಕೆಲಸ ಕೊಡ್ತೀನಿ. ಊಟ ಆದ್ಮೇಲೆ ಮತ್ತೆ ಹಾಕ್ತೀನಿ."

ಎರಡು ವಾರದ ಸಂಪು, ಗಾಜು, ಕಾವೇರಿ ಎಲ್ಲ ಆಕರ್ಷನ ಕಣ್ಣ ಮುಂದೆ ಸುತ್ತಿದವು. "ನಂಗೆ ಯಾಕೆ ಹೇಳ್ಲಿಲ್ಲ ತಾತ?"

"ಮೋಟರ್ ಹಾಕಿದ್ರೆ ನಿಂಗೆ ಫೋನ್ ಮಾಡಿ ಹೇಳ್ತೀನಾ?"

"ಇವತ್ತು ಯಾರೂ ಏನೂ ಮುಟ್ಬೇಡಿ ಅಂದಿದ್ನಲ್ಲ."

"ಪರೀಕ್ಷೆ ಹೊತ್ನಲ್ಲಿ ಮುಟ್ಬೇಡಿ ಅಂದಿದ್ದೆ. ನಾನು ಮುಂಚೇನೇ ಮುಟ್ಟಿ ಮುಗಿಸಿದ್ದೆ. ಈಗ ಮುಟ್ಟೋಕೆ ಹೊರಟಿರೋದು ನೀನು."

ಆಕರ್ಷ ಫೋನ್ ತೆಗೆದು ನೋಡಿದ. ಸಿಮ್ ಡಬ್ಬಿಯ ಸಿಗ್ನಲ್ ಎರಡು ಕಡ್ಡಿ, ಆಗೊಮ್ಮೆ ಒಂದು. ಒಳಗೆ ತನ್ಮಯಿ ಎರಡು ಲೈನಿದೆ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದಳು. ಅವಳ ಕೆಳಗೆ ಇದ್ದದ್ದು ಈ ಒಂದೇ ಒಂದು, ಅದೂ ತೂಕಡಿಸುವ ಲೈನು. ಇದು ಕಡಿದರೆ ಹಿಡಿಯಲು ಬೇರೆ ಇಲ್ಲ. ಫೈಬರಿನ ಸ್ವಿಚ್ಚು ಹಾಕಿದರೋ, ಮೋಡೆಮ್ ಎದ್ದ ಕೂಡಲೇ ರೂಟರ್ ಅದಕ್ಕೆ ಮರಳುತ್ತದೆ, ಅವನೇ ಟಿಕ್ ಒತ್ತಿದ್ದನಲ್ಲ. ಮರಳುವಾಗ ಪರೀಕ್ಷೆ ಒಮ್ಮೆ ಕಡಿಯುತ್ತದೆ. ಇದ್ದ ಒಂದು ಮಾಫಿ ಖರ್ಚು. ಆದರೆ ಆಮೇಲೆ ಗಟ್ಟಿ ಲೈನು ಸಿಗುತ್ತದೆ, ಬೆನ್ನಿಗೆ ಇನ್ನೊಂದೂ ಇರುತ್ತದೆ. ಆ್ಯಪಿನಲ್ಲೇ ಟಿಕ್ ತೆಗೆಯೋಣವೆಂದರೆ, ಸೇವ್ ಒತ್ತಿದರೆ ರೂಟರ್ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಅದೂ ಒಂದು ಕಡಿತವೇ. ಹಾಕಬೇಕೋ, ಬಿಡಬೇಕೋ? ತಾತನ ಹಿಡಿತದಲ್ಲೇ ಅವನ ಬೆರಳು ಸ್ವಿಚ್ಚಿನ ಮೇಲೆ ಒಂದು ಸಲ ಹೋಯಿತು, ಒಂದು ಸಲ ಬಂತು. ತುಳಸಮ್ಮ ಅಡುಗೆಮನೆಯ ಬಾಗಿಲಿಂದ ಇಬ್ಬರನ್ನೂ ನೋಡಿ, ಇದೇನು ಪಂಜ ಕುಸ್ತಿ ಆಡುತ್ತಿದ್ದಾರೆಯೇ ಎಂಬಂತೆ ಕೈ ತಿರುಗಿಸಿ ಕೇಳಿದರು.

ಫೋನು ಅದುರಿತು. ಮುತ್ತುರಾಜ್. ಆಕರ್ಷ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಎತ್ತಿಕೊಂಡ.

"ಯಾಕ್ ಸಾರ್ ಪಿಸಿಪಿಸಿ ಮಾತಾಡ್ತಿದೀರಾ? ದೇವಸ್ಥಾನದಲ್ಲಿದೀರಾ?"

"ಹೇಳಿ, ಬೇಗ ಹೇಳಿ."

"ಇವತ್ತು ನೀವು ಹೇಳಿದ್ದು ನಿಜ ಸಾರ್, ಇವತ್ತೊಂದಿನ ಒಪ್ಕೋತೀನಿ. ನಿಮ್ ರೋಡ್ ತುದೀಲಿ ಬೆಳಗ್ಗೆ ಕೊಂಬೆ ಕಡಿಯೋರು ಬಂದಿದ್ರು. ಕೊಂಬೆ ಜೊತೆ ನಮ್ಮ ಕೇಬಲ್ಲೂ ಇಳೀತು. ಇಡೀ ರೋಡ್ ಡೌನು. ಸಂಜೆ ಒಳಗೆ ಜಾಯಿಂಟ್ ಹಾಕಿಸ್ತೀನಿ."

ಆಕರ್ಷ ಕೂತಲ್ಲೇ ನೆಲಕ್ಕೆ ಕೈ ಊರಿದ. ಈಗ ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಜಾಗಕ್ಕೆ ಬನ್ನಿ. ಮೋಡೆಮ್ ಎಚ್ಚರವಿದ್ದರೆ ಸಾಕು, ಆಚೆ ಇಂಟರ್ನೆಟ್ ಇದೆಯೋ ಇಲ್ಲವೋ ನೋಡಬೇಡ ಎಂದು ಅವನು ಬಿಸಿಬೇಳೆಬಾತಿನ ಅವಸರದಲ್ಲಿ ಒತ್ತಿದ್ದ. ಆ ಸ್ವಿಚ್ಚು ಹಾಕಿದ್ದರೆ ಮೋಡೆಮ್ ಏಳುತ್ತಿತ್ತು. ರೂಟರ್ ಓಡಿ ಅದನ್ನು ತಬ್ಬಿಕೊಳ್ಳುತ್ತಿತ್ತು. ಅದರಾಚೆ ಇದ್ದದ್ದು ರಸ್ತೆ ತುದಿಯಲ್ಲಿ ಕೊಂಬೆಯ ಜೊತೆ ಬಿದ್ದ ಸತ್ತ ಕೇಬಲ್ಲು. ಅಲ್ಲಿಂದ ರೂಟರ್ ಹಿಂದಕ್ಕೂ ಬರುತ್ತಿರಲಿಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ತಾತ ಬೆಳಗ್ಗೆ ಆ ಸ್ವಿಚ್ಚು ಆರಿಸದೆ ಇದ್ದಿದ್ದರೂ ಅದೇ ಗತಿ. ಕೇಬಲ್ ಕಡಿದರೂ ಮೋಡೆಮ್ ಎಚ್ಚರವೇ ಇರುತ್ತಿತ್ತು, ರೂಟರ್ ಅದನ್ನೇ ನೆಚ್ಚಿಕೊಂಡು ಕೂರುತ್ತಿತ್ತು, ತನ್ಮಯಿಗೆ ಪರೀಕ್ಷೆ ಶುರುವೇ ಆಗುತ್ತಿರಲಿಲ್ಲ. ಎರಡು ವಾರ ಅವನು ಹುಡುಕಿದ ದೋಷವೇ ಇವತ್ತು ಅವಳನ್ನು ಎತ್ತಿ ಹಿಡಿದಿತ್ತು. ಹಾಗಂತ ತಾತ ಮಾಡಿದ್ದು ಸರಿಯೇ? ಶಾಫ್ಟೇ ಇಲ್ಲದ ಡಬ್ಬಿಗೆ ಶಾಫ್ಟು ಕಚ್ಚೀತೆಂದು ಹೆದರಿ ಮಾಡಿದ್ದು. ಕೊಂಬೆಯನ್ನು ಇವತ್ತಲ್ಲದೆ ಮೊದಲನೇದರ ಸರದಿಯ ದಿನ ಕಡಿದಿದ್ದರೆ? ಅವನಿಗೆ ತಾತನ ಕಾಲಿಗೆ ಬೀಳಬೇಕೋ, ಜಗಳ ಆಡಬೇಕೋ ತಿಳಿಯಲಿಲ್ಲ.

ಒಳಗೆ ಬಂದು ತಾತನ ಪಕ್ಕ ನಿಂತ. ತುಳಸಮ್ಮನೂ ಬಂದು ನಿಂತರು. ಮೂವರೂ ಆ ಪುಟ್ಟ ಡಬ್ಬಿಯನ್ನು, ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದರು. ಎರಡು ಕಡ್ಡಿ ಒಂದಾಯಿತು, ಎರಡಾಯಿತು, ಮತ್ತೆ ಒಂದಾಯಿತು.

"ಕಿಟಕಿ ಹತ್ರ ಇಡ್ಲಾ?" ಎಂದು ತುಳಸಮ್ಮ ಪಿಸುಗುಟ್ಟಿದರು.

"ಬೇಡ," ಎಂದರು ತಾತ ಮೊಮ್ಮಗ ಇಬ್ಬರೂ ಒಟ್ಟಿಗೇ. ಎರಡು ವಾರದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಕೊನೆಗೆ ಬಾಗಿಲು ತೆರೆಯಿತು. ತನ್ಮಯಿ ಕುತ್ತಿಗೆ ಒತ್ತಿಕೊಳ್ಳುತ್ತ ಬಂದು, ನೀರು ಕುಡಿದು, ಆಕರ್ಷನ ತಲೆಗೊಂದು ಮೊಟಕಿದಳು.

"ಒಂದ್ಸಲಾನೂ ಕಟ್ ಆಗ್ಲಿಲ್ಲ ಕಣೋ. ಆ ಮಾಫಿ ಹಾಗೇ ಉಳೀತು. ಎರಡು ಲೈನ್ ಇದೆ ಅಂತ ಗೊತ್ತಿತ್ತಲ್ಲ, ತಲೆ ಎತ್ತದೆ ಬರೆದೆ. ಹೋದ ಸಲ ಅರ್ಧ ಹೊತ್ತು ಸಿಗ್ನಲ್ಲೇ ನೋಡ್ತಾ ಕೂತಿದ್ದೆ."

"ಚೆನ್ನಾಗಾಯ್ತಾ?"

"ಆಯ್ತು. ನಾಳೆ ಪೇಪರೂ ಹೀಗೇ ಹೋದ್ರೆ ಆ ಸೀಟು ನನ್ದು. ಏನೂ ಬದಲಾಯಿಸ್ಬೇಡ, ನಿನ್ ಕಾಲಿಗೆ ಬೀಳ್ತೀನಿ. ಇವತ್ತು ಹೇಗಿತ್ತೋ ನಾಳೇನೂ ಹಾಗೇ ಇರ್ಲಿ." ಅವಳು ನಾಳೆಗೆ ಓದಲು ಮತ್ತೆ ಕೋಣೆಗೆ ಹೋದಳು.

ಇವತ್ತು ಹೇಗಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಳಲೆಂದು ಆಕರ್ಷ ಎರಡು ಹೆಜ್ಜೆ ಇಟ್ಟ. ಹೇಳಿದರೆ ತಲೆ ಎತ್ತದೆ ಬರೆದವಳು ನಾಳೆ ತಲೆ ಬಗ್ಗಿಸದೆ ಕೂರುತ್ತಾಳೆ. ತಾತನನ್ನು ಆ ಪ್ಯಾಸೇಜಿಗೆ ಇನ್ನು ಯಾರೂ ಬಿಡುವುದಿಲ್ಲ, ಮೋಟರ್ ಸ್ವಿಚ್ಚೂ ಅವರ ಕೈ ತಪ್ಪುತ್ತದೆ. ಹೇಳದಿದ್ದರೆ ಅವಳು ಇಲ್ಲದ ನೆಲದ ಮೇಲೆ ಕಾಲಿಟ್ಟು ನಿಂತಿರುತ್ತಾಳೆ. ಆ ಸೆಟ್ಟಿಂಗನ್ನು ಈಗಲೇ ತಿದ್ದಬಹುದಿತ್ತು, ಹೊರಗಿನ ವಿಳಾಸವನ್ನೂ ಮಾತಾಡಿಸುವ ಹಾಗೆ. ಆದರೆ ಮೊದಲ ಸಲವೂ ಸರಿಯಾಗಿದೆ ಎಂದೇ ಅವನು ಬ್ರಷ್ಷು ಬಾಯಲ್ಲಿಟ್ಟುಕೊಂಡು ಕುಣಿದದ್ದು. ಫೈಬರ್ ಬರುವ ತನಕ ಅದನ್ನು ಪರೀಕ್ಷಿಸಿ ನೋಡುವಂತೆಯೂ ಇರಲಿಲ್ಲ.

ಸಂಜೆ ಮುತ್ತುರಾಜ್ ಜಾಯಿಂಟ್ ಹಾಕಿಸಿದ. "ಸದ್ಯಕ್ಕೆ ಓಡತ್ತೆ ಸಾರ್," ಎಂದ. ಸದ್ಯಕ್ಕೆ ಎಂದರೆ ನಾಳೆಯೂ ಸೇರಿತೋ ಇಲ್ಲವೋ ಎಂದು ಕೇಳಲು ಆಕರ್ಷನಿಗೆ ಧೈರ್ಯ ಬರಲಿಲ್ಲ. ಏನೂ ಬದಲಾಯಿಸಬೇಡ ಎಂದು ತನ್ಮಯಿ ಹೇಳಿದ್ದಳಲ್ಲ, ಸೆಟ್ಟಿಂಗಿಗೂ ಅವನು ಕೈ ಹಾಕಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಶೀನಣ್ಣ ಪ್ಯಾಸೇಜಿಗೆ ಬಂದರು. ಊಟವಾದ ಮೇಲೆ ಹಾಕಬೇಕಿದ್ದ ಫೈಬರಿನ ಸ್ವಿಚ್ಚನ್ನು ಅವರು ಇವತ್ತು ಇನ್ನೂ ಹಾಕಿರಲಿಲ್ಲ. ಹಸಿರು ಹೊದಿಕೆ ಮಡಚಿ ಹೆಗಲ ಮೇಲೆ ಹಾಕಿಕೊಂಡರು. ಒಂದು ಕಡೆ ಒಂದು ಕಡ್ಡಿಯಲ್ಲೂ ಕೈಬಿಡದೆ ನಡೆಸಿದ ಪುಟ್ಟ ಡಬ್ಬಿ, ಇನ್ನೊಂದು ಕಡೆ ಅವಸರದ ಜಾಯಿಂಟಿನ ಗಟ್ಟಿ ಲೈನು.

"ನಾಳೆ ನೀರಿಲ್ಲ," ಎಂದರು ಮೆಲ್ಲಗೆ. "ಲೆಕ್ಕದ ಪ್ರಕಾರ ಮೊದಲನೇದರ ಸರದಿ. ಆದ್ರೆ ಇವತ್ತಿನ ಹಾಗೇ ಇರ್ಲಿ ಅಂತ ಮಗು ಹೇಳ್ತಲ್ಲ. ಹಾಕ್ಲೋ, ಬಿಡ್ಲೋ? ನೀನು ಹೇಳಿದ ಹಾಗೆ."

ತಾತ ಯಾವತ್ತೂ ಆ ಬೋರ್ಡಿನ ವಿಷಯದಲ್ಲಿ ಯಾರನ್ನೂ ಕೇಳಿದವರಲ್ಲ. ಮುಂದಿನ ಕೋಣೆಯಿಂದ ತನ್ಮಯಿ ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಕೇಳುತ್ತಿತ್ತು. ಆಕರ್ಷ ಎರಡು ಸ್ವಿಚ್ಚುಗಳ ಮುಂದೆ ಕೈ ಕಟ್ಟಿಕೊಂಡು ನಿಂತ. ನಾನಂತೂ ಇಷ್ಟು ಹೇಳಿ ಮುಗಿಸಿದೆ, ಈಗ ನೀವು ಹೇಳಿ: ಅವನ ಜಾಗದಲ್ಲಿ ನೀವಿದ್ದಿದ್ದರೆ ಆ ಸ್ವಿಚ್ಚು ಹಾಕಿಸುತ್ತಿದ್ದಿರೋ, ಹಾಗೇ ಬಿಡಿ ಎನ್ನುತ್ತಿದ್ದಿರೋ, ಇಲ್ಲಾ ಮೊದಲು ಹೋಗಿ ಆ ಕೋಣೆಯ ಬಾಗಿಲು ತಟ್ಟುತ್ತಿದ್ದಿರೋ?